ಎಂಟು ಡಿಗ್ರಿಯ ಸಸಿಗಳು

ಮಗಳು ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿದ್ದರಿಂದ ಆ ಮಾತು ಅರ್ಧ ಗಾಳಿಯಾಗಿಯೇ ಹೊರಬಂದಿತ್ತು. ಆದರೂ ಮಾತು ಮಾತೇ. ಸಾಕ್ಷಿಗೆ ಅಜ್ಜಿ ಇದ್ದಳು.

ಆವತ್ತು ಮಗಳು ಕ್ಯಾರೆಟ್ ಹೋಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟಿದ್ದಳು. ಅಪ್ಪ ತನ್ನ ಬತ್ತಳಿಕೆಯ ಕೊನೆಯ ಬಾಣ ಬಿಟ್ಟಿದ್ದ.

"ತಿನ್ನು ಪುಟ್ಟಿ. ಇದು ಅಪ್ಪನ ಸ್ಟೋರಿಂದ ಬಂದಿದ್ದು."

"ನೀನು ಬೆಳೆದಿದ್ದಾ?"

"ಬೆಳೆದಿದ್ದಲ್ಲ. ಇಟ್ಟು ಕಾಪಾಡಿದ್ದು."

"ಹಾಗಾದ್ರೆ ಬೇಡ."

"ಬೆಳೆದ್ರೆ ತಿಂತೀಯಾ?"

"ಅಪ್ಪ ಬೆಳೆದ್ರೆ ತಿಂತೀನಿ. ಮಾತು."

"ಕೇಳಿಸ್ಕೊಂಡಿದ್ದೀನಿ," ಎಂದಳು ಅಜ್ಜಿ, ಕ್ಯಾರೆಟ್ಟನ್ನೆಲ್ಲ ತನ್ನ ತಟ್ಟೆಗೆ ಬಳಿದುಕೊಳ್ಳುತ್ತ.

ಆ ಮಾತಿನಿಂದ ಮುಂದಿನ ಏಳು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಏಕೆಂದರೆ ಅಪ್ಪ ಏನನ್ನೂ ಬೆಳೆಯುವವನಾಗಿರಲಿಲ್ಲ. ಅವನು ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರು. ನಾಲ್ಕು ಚೇಂಬರು, ಒಂದು ಮತ್ತು ಎರಡರಲ್ಲಿ ಆಲೂಗಡ್ಡೆ, ಮೂರರಲ್ಲಿ ಗಡ್ಡೆ ತರಕಾರಿ, ನಾಲ್ಕರಲ್ಲಿ ಸೇಬು. ಎರಡು ಗಂಟೆಗೊಮ್ಮೆ ಒಳಗೆ ಹೋಗಿ ಥರ್ಮಾಮೀಟರು ನೋಡಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಹತ್ತೊಂಬತ್ತು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಒಳಗಿದ್ದದ್ದು ಯಾವುದೂ ಬೆಳೆಯದಂತೆ ನೋಡಿಕೊಳ್ಳುವುದು. ಒಂದು ಆಲೂಗಡ್ಡೆ ಮೊಳಕೆ ಒಡೆದರೆ ಮ್ಯಾನೇಜರರ ಕೋಣೆಯಿಂದ ಕರೆ ಬರುತ್ತಿತ್ತು. ಅವನ ಕಾಲದಲ್ಲಿ ಅಂಥ ಕರೆ ಎರಡೇ ಸಲ ಬಂದದ್ದು, ಎರಡು ಸಲವೂ ಕರೆಂಟು ಹೋಗಿತ್ತು.

ಈ ವರ್ಷ ಶಾಲೆಯಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಮಗಳ ಚೀಟಿಯಲ್ಲಿ ಒಂದು ಸಂಖ್ಯೆಯ ಸುತ್ತ ಕೆಂಪು ಶಾಯಿಯ ಸೊನ್ನೆ ಸುತ್ತಿತ್ತು. ರಕ್ತ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮಗಳು ವಾಂತಿ ಮಾಡಿದಳು. ಬೇರೆ ಮಾತ್ರೆ ಕೊಟ್ಟರು. ಅದನ್ನೂ ವಾಂತಿ ಮಾಡಿದಳು. ಮೂರನೆಯದು ಸಿರಪ್ಪು, ಅದು ಮಂಚದ ಹೊದಿಕೆಯ ಮೇಲೆ ಇನ್ನೂ ಇದೆ.

"ಸೊಪ್ಪು ತರಕಾರಿ ತಿನ್ಸಿ," ಎಂದರು ಡಾಕ್ಟರು. "ಚಳಿಗಾಲ ಮುಗಿಯೋ ಹೊತ್ತಿಗೆ ಮತ್ತೆ ಕರ್ಕೊಂಡ್ಬನ್ನಿ. ಆಗ್ಲೂ ಹೀಗೇ ಇದ್ರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕ್ಬೇಕಾಗತ್ತೆ."

ಆಮೇಲಷ್ಟೇ ಅಪ್ಪ ಗಮನಿಸಿದ್ದು. ಮಗಳು ಮನೆಯ ಮೆಟ್ಟಿಲು ಹತ್ತುವಾಗ ಆರನೆಯ ಮೆಟ್ಟಿಲಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ದಿನಾ ಕಟ್ಟಿಕೊಳ್ಳುತ್ತಿದ್ದಳು. ಅವಳ ಶೂಗೆ ಲೇಸಿರಲಿಲ್ಲ.

ತರಕಾರಿ ತಿನ್ನಿಸುವುದೆಂದರೆ ಬೆಕ್ಕಿಗೆ ಗಂಟೆ ಕಟ್ಟಿದಂತೆ. ಅವಳು ತಿನ್ನುತ್ತಿದ್ದದ್ದು ಅನ್ನ, ಮೊಸರು, ಬ್ರೆಡ್ಡು, ಆಲೂಗಡ್ಡೆ ಮತ್ತು ಮೊಟ್ಟೆಯ ಬಿಳಿ. ತಿನ್ನದೇ ಇರುವುದರ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಅವಳದೇ ದುಂಡಗಿನ ಅಕ್ಷರದಲ್ಲಿತ್ತು, ಕಾರಣ ಸಮೇತ. ಏಳು, ಬೆಂಡೆಕಾಯಿ: ಲೋಳೆ. ಹನ್ನೊಂದು, ಬದನೆಕಾಯಿ: ಒಳಗೆ ಏನಿದೆ ಗೊತ್ತಾಗುವುದಿಲ್ಲ. ಹದಿನಾಲ್ಕು, ಹೂಕೋಸು: ವಾಸನೆಗೆ ಅದು ಮೊದಲು ಕ್ಷಮೆ ಕೇಳಬೇಕು. ಇಪ್ಪತ್ಮೂರಕ್ಕೆ ಪಟ್ಟಿ ನಿಂತಿತ್ತು, ತರಕಾರಿ ಅಂಗಡಿಯಲ್ಲಿ ಇಪ್ಪತ್ನಾಲ್ಕನೆಯದು ಇರಲಿಲ್ಲವಾದ್ದರಿಂದ. ಅಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು. ಪಟ್ಟಿಯಲ್ಲಿ ಎರಡು ಕಾಗುಣಿತ ತಿದ್ದಿದ್ದು ಬಿಟ್ಟರೆ ಅವಳಿಗೂ ಏನೂ ಮಾಡಲಾಗಿರಲಿಲ್ಲ. ಮನೆಯಲ್ಲಿ ಮಗಳನ್ನು ಎಲ್ಲರೂ ಲಾಯರಮ್ಮ ಎಂದೇ ಕರೆಯುತ್ತಿದ್ದರು.

ಹಳೆಯ ಮಾತನ್ನು ಎತ್ತಿದವಳು ಅಜ್ಜಿ.

"ಲಾಯರಮ್ಮ, ಅಪ್ಪ ಬೆಳೆದ್ರೆ ತಿಂತೀನಿ ಅಂದಿದ್ದೆ. ನೆನಪಿದ್ಯಾ?"

ಮಗಳು ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ; ಅವಳ ವಿಷಯದಲ್ಲಿ ಅದೇ ತೊಂದರೆ.

"ಹೇಳಿದ್ದೆ," ಎಂದಳು. "ಆದ್ರೆ ಪಟ್ಟೀಲಿರೋದನ್ನ ಬೆಳೆದ್ರೆ ಆಗಲ್ಲ. ಅದು ಆಗ್ಲೇ ತೀರ್ಮಾನ ಆಗಿರೋದು."

"ಪಟ್ಟೀಲಿ ಇಲ್ಲದ್ದು?" ಅಪ್ಪ ಕೇಳಿದ.

"ಇಲ್ಲದ್ದಾದ್ರೆ ಸರಿ. ಬೀಜದಿಂದ್ಲೇ ಬೆಳೀಬೇಕು. ಸಸಿ ತರೋ ಹಾಗಿಲ್ಲ. ಅಜ್ಜಿ ಕೈ ಹಾಕೋ ಹಾಗಿಲ್ಲ. ಬಾಯೂ ಹಾಕೋ ಹಾಗಿಲ್ಲ."

ಅಜ್ಜಿ ತನ್ನ ಕಾಲದಲ್ಲಿ ಒಂದು ಹಿತ್ತಲು ತುಂಬ ತರಕಾರಿ ಬೆಳೆದು ಬೀದಿಗೆಲ್ಲ ಹಂಚಿದವಳು. "ನಾನೇನ್ಮಾಡ್ಲಿ ಹಾಗಾದ್ರೆ?"

"ಕೂತ್ಕೊ."

ಹಿಂಬಾಗಿಲ ಪಕ್ಕ ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಲಾಯಿತು.

ಬೀಜದಂಗಡಿಯ ಹೆಂಗಸು ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ಚಳಿಗಾಲದ ತರಕಾರಿ, ಯಾರೂ ಹೆಸರು ಕೇಳಿರಬಾರದು, ಹಸಿರಾಗಿರಬೇಕು ಎಂದು ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ಏರಿಸಿದಳು.

"ಮುಂಚೆ ಏನಾದ್ರೂ ಬೆಳೆದಿದ್ದೀರಾ ಸಾರ್?"

"ಬೆಳೀದೆ ಇರೋ ಹಾಗೆ ನೋಡ್ಕೊಂಡಿದ್ದೀನಿ. ಹತ್ತೊಂಬತ್ತು ವರ್ಷ."

ಅವಳು ಮೂರು ಪೊಟ್ಟಣ ಕೊಟ್ಟಳು. ಕೇಲ್: ಎಲೆಕೋಸು ಮುದುಡಲು ಮರೆತಂತಿರುವ ಸೊಪ್ಪು. ಪಾಕ್ ಚೊಯ್: ಬಿಳಿ ಕಾಂಡ, ಚಮಚದಂಥ ಎಲೆ. ಬಿಳಿ ಟರ್ನಿಪ್: ಮೇಲೆ ಸೊಪ್ಪು, ಕೆಳಗೆ ಗಡ್ಡೆ, ಎರಡೂ ತಿನ್ನಬಹುದು. ಮನೆಯಲ್ಲಿ ಮಗಳು ಮೂರು ಹೆಸರನ್ನೂ ಪಟ್ಟಿಗೆ ಹೋಲಿಸಿ ನೋಡಿದಳು. ಟರ್ನಿಪ್ ಮೂಲಂಗಿಯ ಸಂಬಂಧಿಕನೇ ಎಂಬ ಬಗ್ಗೆ ಅರ್ಧ ಗಂಟೆ ವಿಚಾರಣೆ ನಡೆಯಿತು. ದೂರದ ಸಂಬಂಧ ಎಂದು ತೀರ್ಮಾನವಾಗಿ ಬಿಡುಗಡೆಯಾಯಿತು.

ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲಿಗೂ ಕಾಂಪೌಂಡ್ ಗೋಡೆಗೂ ನಡುವೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಮಣ್ಣು. ಅಲ್ಲಿದ್ದ ಮುರಿದ ಸೈಕಲ್ಲನ್ನು ಅಪ್ಪ ಎತ್ತಿಟ್ಟ, ಮಣ್ಣು ಅಗೆದ, ಗೊಬ್ಬರ ಬೆರೆಸಿದ, ಬೀಜ ಹಾಕಿದ. ಅಂಗೈಯಲ್ಲಿ ಮೂರು ಬೊಬ್ಬೆ ಎದ್ದವು.

"ಕೈ ಕೆಸರಾದ್ರೆ ಬಾಯಿ ಮೊಸರು," ಎಂದಳು ಅಮ್ಮ, ಸಮಾಧಾನಕ್ಕೆ.

"ಮೊಸರು ನಾನು ಹೇಗೂ ತಿಂತೀನಲ್ಲ," ಎಂದಳು ಮಗಳು.

ಕ್ಯಾಲೆಂಡರಿಗೆ ಚಳಿಗಾಲ ಬಂದಿತ್ತು, ಹಿತ್ತಲಿಗೆ ಬಂದಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾಂಪೌಂಡ್ ಗೋಡೆ ಕಾದ ಹೆಂಚಾಗುತ್ತಿತ್ತು. ಕೇಲ್ ಮೊಳೆಯಿತು, ಒಂದು ರಾತ್ರಿಯಲ್ಲಿ ಬಸವನಹುಳುಗಳು ಅದನ್ನು ಮುಗಿಸಿದವು. ಬಸವನಹುಳುಗಳಿಗೆ ಪಟ್ಟಿ ಗಿಟ್ಟಿ ಇರಲಿಲ್ಲ. ಉಳಿದೆರಡು ಎರಡೆಲೆ ಬಿಟ್ಟು ಕೊರಳು ಬಗ್ಗಿಸಿ ನೆಲಕ್ಕೊರಗಿದವು. ಅಪ್ಪ ಪೊಟ್ಟಣ ತಿರುಗಿಸಿ ಓದಿದ. 'ತಂಪು ಹವೆಯಲ್ಲಿ ಚೆನ್ನಾಗಿ ಬರುತ್ತದೆ' ಎಂದಿತ್ತು.

ಬೇರೆ ಯಾರಾದರೂ ಆಗಿದ್ದರೆ ಹವೆ ತಂಪಾಗಲಿ ಎಂದು ಕಾಯುತ್ತಿದ್ದರು. ಅವರಿಗೆ ಬೇರೆ ದಾರಿ ಇರುವುದಿಲ್ಲ. ಅಪ್ಪನ ಹತ್ತಿರ ತಂಪು ಇತ್ತು. ಬೇಕೆಂದರೆ ಸೊನ್ನೆ ಡಿಗ್ರಿ, ಬೇಕೆಂದರೆ ನಾಲ್ಕು.

ಪಾಕ್ ಚೊಯ್, ಟರ್ನಿಪ್ ಎರಡರ ಉಳಿದ ಬೀಜವನ್ನೆಲ್ಲ ಅವನು ಟ್ರೇಗಳಲ್ಲಿ ಹಾಕಿದ. ಮನೆಯ ನೆರಳಲ್ಲಿ ಮೊಳೆತ ತಕ್ಷಣ ಟ್ರೇಗಳನ್ನು ಸ್ಕೂಟರಿನ ಮುಂದಿಟ್ಟುಕೊಂಡು ಸ್ಟೋರಿಗೆ ಹೊತ್ತೊಯ್ದ. ಚೇಂಬರುಗಳಿಗೆ ಹೋಗುವ ಮುಂಚೆ ಅಲ್ಲೊಂದು ಕೋಣೆಯಿದೆ. ಸರಕನ್ನು ಒಳಗೆ ಹಾಕುವ ಮೊದಲು, ಹೊರಗೆ ತೆಗೆದ ಮೇಲೆ, ಸ್ವಲ್ಪ ಹೊತ್ತು ಅಲ್ಲಿ ನಿಲ್ಲಿಸುತ್ತಾರೆ. ಚಳಿಯಿಂದ ನೇರವಾಗಿ ಹೊರಗೆ ತಂದರೆ ಸರಕು ಬೆವರುತ್ತದೆ, ಮೈಮೇಲೆಲ್ಲ ನೀರಿನ ಮಣಿ ಕೂರುತ್ತದೆ, ನೋಡಿದವರಿಗೆ ಸ್ಟೋರಿನದೆಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಆ ಕೋಣೆ. ಎಂಟು ಡಿಗ್ರಿ, ದಿನವಿಡೀ ಉರಿಯುವ ನಾಲ್ಕು ಟ್ಯೂಬ್‌ಲೈಟು. ಸಸಿಗಳು ಅಲ್ಲಿ ಹಳೆಯ ತಕ್ಕಡಿ ಮೇಜಿನ ಮೇಲೆ ಕೂತವು.

ಹಮಾಲರ ಮೇಸ್ತ್ರಿ ಬಂದು ನೋಡಿದ. ಇಪ್ಪತ್ತು ವರ್ಷ ಮೂಟೆ ಹೊತ್ತು ಅವನ ಕೊರಳೇ ಮಾಯವಾಗಿತ್ತು.

"ಏನ್ ಗುರು, ಹುಟ್ಟೋಕ್ ಮುಂಚೇನೇ ಸ್ಟೋರಿಗ್ ತಂದ್ಬಿಟ್ಯಾ?"

"ಹೊರಗೆ ಬಿಸಿಲು. ಇಲ್ಲಿ ಗಟ್ಟಿಯಾಗ್ಲಿ ಅಂತ."

"ಆಗತ್ತೆ ಆಗತ್ತೆ. ನನ್ನ ಮೊಣಕಾಲು ಇಲ್ಲೇ ಗಟ್ಟಿ ಆಗಿದ್ದು."

ಅಪ್ಪ ಲಾಗ್ ಪುಸ್ತಕದಲ್ಲಿ ನಾಲ್ಕು ಚೇಂಬರುಗಳ ಪಕ್ಕ ಸ್ಕೇಲಿಟ್ಟು ಐದನೆಯ ಕಾಲಮ್ಮು ಎಳೆದ. ಎರಡು ಗಂಟೆಗೊಮ್ಮೆ ಅದರಲ್ಲೂ ಬರೆದ. ಎಂಟು. ಎಂಟು. ಎಂಟು. ಐದು ವಾರ ಒಂದು ಸಲವೂ ಒಂಬತ್ತಾಗಲಿಲ್ಲ. ಸಸಿಗಳು ಗಿಡ್ಡಗೆ, ದಪ್ಪಗೆ, ಪೊಲೀಸರಂತೆ ನೆಟ್ಟಗೆ ನಿಂತವು. ಒಟ್ಟು ನಲವತ್ತೊಂದು. ತನ್ನ ಕೆಲಸದ ಬಗ್ಗೆ ಅಪ್ಪನಿಗೆ ಹೆಮ್ಮೆಯಾಗಿದ್ದು ಅದೇ ಮೊದಲು.

ಐದು ವಾರವಾದ ಮೇಲೆ ಅವನ್ನು ಹಿತ್ತಲಿಗೆ ತಂದು ನೆಟ್ಟ. ಅಷ್ಟರಲ್ಲಿ ಹೊರಗೂ ನಿಜವಾದ ಚಳಿಗಾಲ ಶುರುವಾಗಿತ್ತು. ಬೆಳಗ್ಗೆ ತಂಪು, ಹಗಲು ಹಿತವಾದ ಬಿಸಿಲು. ಅಜ್ಜಿ ಕುರ್ಚಿಯಿಂದ ಮುಂದಕ್ಕೆ ಬಾಗಿ ಸಸಿಗಳನ್ನು ನೋಡಿದಳು.

"ಎಲ್ಲಿದ್ವೋ ಇವು ಇಷ್ಟು ದಿನ?"

"ಸ್ಟೋರಲ್ಲಿ. ಎಂಟು ಡಿಗ್ರೀಲಿ."

ಅಜ್ಜಿ ಬಾಯಿ ತೆರೆದಳು. ಮಗಳು ಅವಳತ್ತ ತಿರುಗಿದಳು. ಅಜ್ಜಿ ಬಾಯಿ ಮುಚ್ಚಿದಳು.

ಗಿಡಗಳು ಬೆಳೆದವು. ಮಗಳು ದಿನಾ ಶಾಲೆಗೆ ಹೋಗುವ ಮುಂಚೆ ಸ್ಕೇಲು ಹಿಡಿದು ಅಳೆದಳು. ಮೊದಲ ವಾರ ಎರಡು ಸೆಂಟಿಮೀಟರು, ಎರಡನೆಯ ವಾರ ಒಂಬತ್ತು. ಮೂರನೆಯ ವಾರ ಸ್ಕೇಲು ಸಾಲಲಿಲ್ಲ. ನಡುವಿನಿಂದ ಒಂದೊಂದು ಕಾಂಡ ಎದ್ದು ಆಕಾಶದ ಕಡೆ ಹೊರಟಿತ್ತು. ತುದಿಯಲ್ಲಿ ಹಸಿರು ಮೊಗ್ಗಿನ ಗೊಂಚಲು. ಅಪ್ಪ ಬೀದಿಯ ಎರಡು ಮನೆಯವರನ್ನು ಕರೆದು ತೋರಿಸಿದ. ಅವರು ಎತ್ತರವನ್ನು ಹೊಗಳಿದರು. ನಾಲ್ಕನೆಯ ವಾರ ಮೊಗ್ಗು ಒಡೆದು ಹಿತ್ತಲಿನ ತುಂಬ ಹಳದಿ ಹೂವಾಯಿತು. ಜೇನ್ನೊಣ ಬಂದವು. ಅಪ್ಪ ಟರ್ನಿಪ್ಪಿನ ಬುಡ ಕೆದಕಿ ನೋಡಿದ. ಗಡ್ಡೆ ಇರಬೇಕಾದ ಕಡೆ ಇಲಿಯ ಬಾಲದಂಥದೊಂದು ಬೇರಿತ್ತು.

ಬೀಜದಂಗಡಿಯವಳು ಫೋನಿನಲ್ಲಿದ್ದ ಫೋಟೋ ನೋಡಿದಳು. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದಳು.

"ಎಲ್ಲಿಟ್ಟಿದ್ರಿ ಸಾರ್ ಇದನ್ನ?"

ಅಪ್ಪ ಹೇಳಿದ.

"ಐದು ವಾರ ಎಂಟು ಡಿಗ್ರೀಲಾ? ನೀವು ಪಾಪದವಕ್ಕೆ ಪೂರ್ತಿ ಒಂದು ಚಳಿಗಾಲ ತೋರಿಸ್ಬಿಟ್ಟಿದ್ದೀರಿ. ಹೊರಗೆ ಬಂದು ಬಿಸಿಲು ನೋಡಿದ್ವು. ಓಹೋ, ಚಳಿಗಾಲ ಮುಗೀತು, ನಮಗೆ ವಯಸ್ಸಾಯ್ತು, ಬೇಗ ಹೂ ಬಿಟ್ಟು ಬೀಜ ಮಾಡಿ ಹೋಗೋಣ ಅಂದ್ಕೊಂಡ್ವು. ಇನ್ನು ಗಡ್ಡೆ ಎಲ್ಲಿಂದ ಬರತ್ತೆ? ಅಲ್ದೆ, ಟರ್ನಿಪ್ ಟ್ರೇಯಲ್ಲಿ ಹಾಕ್ಬೇಡಿ ಅಂತ ಪೊಟ್ಟಣದ ಮೇಲೇ ಇದೆ."

ಅಪ್ಪ ಮನೆಗೆ ಬಂದು ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

"ನಿಂಗೆ ಗೊತ್ತಿತ್ತಾ ಅಮ್ಮ?"

"ನೆಟ್ಟ ದಿನಾನೇ ಗೊತ್ತಿತ್ತು ಕಣೋ."

"ಹೇಳ್ಬಾರ್ದಿತ್ತಾ?"

"ಷರತ್ತಿತ್ತಲ್ಲ," ಎಂದಳು ಅಜ್ಜಿ.

ಡಾಕ್ಟರು ಹೇಳಿದ ತಾರೀಖಿಗೆ ಮೂರು ವಾರ ಉಳಿದಿತ್ತು. ಹೊಸದಾಗಿ ಬೀಜ ಹಾಕಿ ಬೆಳೆಯುವಷ್ಟು ಹೊತ್ತಿರಲಿಲ್ಲ. ಮಗಳು ಈಗ ಮೆಟ್ಟಿಲಲ್ಲಿ ಎರಡು ಸಲ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು, ಆರನೆಯದರಲ್ಲಿ ಒಮ್ಮೆ, ಹನ್ನೊಂದನೆಯದರಲ್ಲಿ ಒಮ್ಮೆ.

ಸ್ಟೋರಿನಲ್ಲಿ ಮೇಸ್ತ್ರಿ ವಿಷಯ ಕೇಳಿ ಮೂರನೇ ಚೇಂಬರಿನ ಬಾಗಿಲ ಕಡೆ ಗಲ್ಲ ತೋರಿಸಿದ.

"ಒಳಗೆ ಟರ್ನಿಪ್ಪು ಮೂಟೆ ಮೂಟೆ ಬಿದ್ದಿದೆ. ನಾಲ್ಕು ತಗೊಂಡ್ಹೋಗಿ ಬುಡದಲ್ಲಿ ಹೂತಿಡು. ಬೆಳಗ್ಗೆ ಮಗು ಕೈಲಿ ಕೀಳಿಸು. ಯಾರಿಗ್ ಗೊತ್ತಾಗತ್ತೆ?"

"ಮಾತಿಗೆ ಮೋಸ ಆಗತ್ತೆ."

"ಮಾತಿಗೆ ರಕ್ತ ಇರತ್ತಾ ಗುರು? ಮಗೂಗೆ ಬೇಕಾಗಿರೋದು ಮಾತಾ, ಟರ್ನಿಪ್ಪಾ?"

ಅಪ್ಪ ಸರಕಿನ ಮಾಲೀಕನಿಗೆ ಫೋನು ಮಾಡಿ ನಾಲ್ಕು ಗಡ್ಡೆ ತಗೊಳ್ಳಲೇ ಎಂದು ಕೇಳಿದ. ನಾಲ್ಕು ಗಡ್ಡೆಗೆ ಫೋನು ಮಾಡಿದವನು ನೀನೇ ಮೊದಲು, ತಗೋ ಎಂದ ಮಾಲೀಕ.

ಭಾನುವಾರ ಬೆಳಗ್ಗೆ ಪಾಳಿ ಮುಗಿಸಿದ ಅಪ್ಪ ಮೂರನೇ ಚೇಂಬರಿನಿಂದ ನಾಲ್ಕು ಗಡ್ಡೆ ಆರಿಸಿ, ಚೀಲಕ್ಕೆ ಹಾಕಿಕೊಂಡು ನೇರ ಮನೆಗೆ ಬಂದ. ಮಗಳು ಹಲ್ಲುಜ್ಜುತ್ತಿದ್ದಳು. ಅಮ್ಮ ಅಡುಗೆಮನೆಯಲ್ಲಿದ್ದಳು. ಅಜ್ಜಿ ಆಗಲೇ ಕುರ್ಚಿಯಲ್ಲಿದ್ದಳು. ಅಪ್ಪ ಮೊಣಕಾಲೂರಿ ನಾಲ್ಕು ಗಿಡಗಳ ಬುಡ ಬಗೆದು, ಬೇರಿನ ಪಕ್ಕ ಒಂದೊಂದು ಗಡ್ಡೆ ಕೂರಿಸಿ, ಅರ್ಧ ಕಾಣುವಂತೆ ಮಣ್ಣೆಳೆಯುವುದನ್ನು ಅಜ್ಜಿ ಪೂರ್ತಿ ನೋಡಿದಳು. ಷರತ್ತು ಇನ್ನೂ ಇತ್ತು.

"ಲಾಯರಮ್ಮ!" ಅಪ್ಪ ಕೂಗಿದ. ದನಿ ಅವನಿಗೇ ಬೇರೆಯವನದಂತೆ ಕೇಳಿಸಿತು. "ಬಾ ಇಲ್ಲಿ. ನೋಡು, ಗಡ್ಡೆ ಬಿಟ್ಟಿದೆ."

ಮಗಳು ಬಾಯಿ ಒರೆಸಿಕೊಂಡು ಬಂದಳು, ಹಿಂದೆಯೇ ಅಮ್ಮನೂ. ಗೋಡೆಯ ಮೇಲಿಂದ ಇಳಿದ ಬಿಸಿಲು ಮಡಿಯ ಮೇಲೆ ಬಿದ್ದಿತ್ತು. ಮಗಳು ಕುಕ್ಕರಗಾಲಲ್ಲಿ ಕೂತು ಒಂದು ಗಡ್ಡೆಯನ್ನು ನೋಡಿದಳು. ಬೆರಳಿನಿಂದ ಮುಟ್ಟಿದಳು. ಬೆರಳನ್ನು ನೋಡಿಕೊಂಡಳು.

"ಅಪ್ಪ, ಇದು ಬೆವರ್ತಿದೆ."

ಅಪ್ಪ ಬಗ್ಗಿ ನೋಡಿದ. ಗಡ್ಡೆಯ ಬಿಳಿ ಮೈಮೇಲೆಲ್ಲ ನೀರಿನ ಮಣಿ. ನಾಲ್ಕರ ಮೇಲೂ. ಹತ್ತೊಂಬತ್ತು ವರ್ಷ ಪ್ರತಿಯೊಂದು ಮೂಟೆಯನ್ನೂ ಎಂಟು ಡಿಗ್ರಿ ಕೋಣೆಯಲ್ಲಿ ನಿಲ್ಲಿಸಿಯೇ ಹೊರಗೆ ಕಳಿಸಿದವನು ಈ ನಾಲ್ಕನ್ನು ಮಾತ್ರ ಅವಸರದಲ್ಲಿ ನೇರವಾಗಿ ತಂದಿದ್ದ.

"ಬಿಸಿಲಿಗೆ," ಎಂದ.

"ಪಕ್ಕದ ಕಲ್ಲು ಬೆವರ್ತಿಲ್ಲ."

ಅಜ್ಜಿ ಕಾಂಪೌಂಡ್ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ಯಾವ ಚೇಂಬರು?" ಮಗಳು ಕೇಳಿದಳು.

"ಮೂರು."

"ನೀನು ಬೆಳೆದಿದ್ದಲ್ಲ."

"ಅಲ್ಲ," ಎಂದ ಅಪ್ಪ. "ಇಟ್ಟು ಕಾಪಾಡಿದ್ದು."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು, ಕೈ ಒಣಗಿದ್ದರೂ. ಮಗಳು ನಾಲ್ಕು ಗಡ್ಡೆಯನ್ನೂ ಎತ್ತಿ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು, ಏಳು ವರ್ಷದ ಹಿಂದೆ ಕ್ಯಾರೆಟ್ಟನ್ನು ಇಟ್ಟಂತೆ. ಆಮೇಲೆ ಹೂವಿನ ಕಾಂಡವೊಂದನ್ನು ಹಿಡಿದುಕೊಂಡಳು.

"ಇದು?"

"ಅದು ಹಾಳಾಗಿದ್ದು ಪುಟ್ಟಿ. ಬಿಡು."

"ಯಾರು ಬೆಳೆದಿದ್ದು ಅಂತ ಕೇಳ್ದೆ."

"ಬೆಳೆದಿದ್ದೂ ನಾನೇ, ಹಾಳ್ಮಾಡಿದ್ದೂ ನಾನೇ."

"ಬೀಜದಿಂದ?"

"ಬೀಜದಿಂದ."

ಮಗಳು ಕುರ್ಚಿಯ ಕಡೆ ತಿರುಗಿದಳು. "ಅಜ್ಜಿ, ಇದನ್ನ ತಿನ್ಬಹುದಾ?"

"ಈಗ ನನ್ನ ಕೇಳ್ತಿದ್ದೀಯಾ?"

"ಕೇಳ್ತಿದ್ದೀನಿ."

"ಕೇಳಿದ್ರೆ ಹೇಳ್ತೀನಿ," ಎಂದು ಅಜ್ಜಿ ಎದ್ದುನಿಂತಳು. ಮೂರು ತಿಂಗಳು ಕಟ್ಟಿಟ್ಟಿದ್ದ ಮಾತು ಕಟ್ಟೆ ಒಡೆದು ಬಂತು. "ಎರಡೂ ಗಿಡದ್ದು ತಿನ್ಬಹುದು. ಮೊಗ್ಗು, ಎಳೇ ಕಾಂಡ, ಮೇಲಿನ ಎಲೆ. ಕಾಂಡ ಉಗುರಿಗೆ ಮುರಿದ್ರೆ ಎಳೇದು, ಮುರೀಲಿಲ್ಲ ಅಂದ್ರೆ ನಾರು. ತುದಿ ಚಿವುಟಿದಷ್ಟೂ ಪಕ್ಕದಲ್ಲಿ ಮತ್ತೆ ಚಿಗುರತ್ತೆ. ಸಾಲು ದಟ್ಟ ಆಯ್ತು. ನೀರು ಜಾಸ್ತಿ ಆಯ್ತು. ಗೊಬ್ಬರ ಹಸಿ. ಆ ಬಸವನಹುಳೂಗೆ ಬೂದಿ ಹಾಕಿದ್ರೆ ಸಾಕಾಗಿತ್ತು."

"ತಿನ್ಬಹುದಾ ಅಂತಷ್ಟೇ ಕೇಳಿದ್ದು."

"ಕಹಿ ಇರತ್ತೆ," ಎಂದಳು ಅಜ್ಜಿ.

"ಬೇಡ ಪುಟ್ಟಿ," ಎಂದ ಅಪ್ಪ. "ಇದು ಲೆಕ್ಕಕ್ಕಿಲ್ಲ. ಗಡ್ಡೆಗೆ ಅಂತ ಹಾಕಿದ್ದು, ಹೂವಾಗಿ ಹೋಯ್ತು. ಚೆನ್ನಾಗಿ ಬರ್ಲೇ ಇಲ್ಲ."

ಮಗಳು ಒಂದು ಕ್ಷಣ ಯೋಚಿಸಿದಳು. ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು, ಅಪ್ಪನೇ ತೆರೆದಿದ್ದ.

"'ಅಪ್ಪ ಬೆಳೆದ್ರೆ' ಅಂದಿದ್ದೆ," ಎಂದಳು. "'ಚೆನ್ನಾಗಿ ಬೆಳೆದ್ರೆ' ಅಂತ ಹೇಳಿರ್ಲಿಲ್ಲ."

ಅಮ್ಮ ಮೊಗ್ಗು ಕಾಂಡಗಳನ್ನು ಉಪ್ಪುನೀರಿನಲ್ಲಿ ಬೇಯಿಸಿ ತಟ್ಟೆಗೆ ಹಾಕಿದಳು. ಮಗಳು ಜೊತೆಗೆ ಆಲೂಗಡ್ಡೆ ಬೇಡವೆಂದಳು. ನೀರಿನ ಲೋಟವನ್ನು ತಟ್ಟೆಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು, ಒಂದು ತುಂಡು ಬಾಯಿಗಿಟ್ಟು, ಅಗಿದು, ನುಂಗಿದಳು. ಮೂವರೂ ಮೇಜಿನ ಸುತ್ತ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದರು.

"ಕಹಿ," ಎಂದಳು.

"ಹೌದಾ," ಎಂದ ಅಪ್ಪ.

"ತುಂಬಾ ಕಹಿ. ಎಲ್ರೂ ಕೂತ್ಕೊಳ್ಳಿ, ಹೀಗೆ ನಿಂತ್ರೆ ನಂಗೆ ನುಂಗಕ್ಕಾಗಲ್ಲ."

ಎಲ್ಲರೂ ಕೂತರು. ಅವಳು ತಟ್ಟೆ ಮುಗಿಸಿದಳು. ಆಮೇಲೆ ಫ್ರಿಜ್ಜಿನ ಬಳಿ ಹೋಗಿ ಪೆನ್ನಿನ ಮುಚ್ಚಳ ತೆಗೆದು ಪಟ್ಟಿಗೆ ಸೇರಿಸಿದಳು. ಇಪ್ಪತ್ನಾಲ್ಕು, ಅಪ್ಪ ಬೆಳೆದದ್ದು: ಕಹಿ. ಗಿಡ ಇರುವ ತನಕ ತಿನ್ನುವುದು. ಅಮ್ಮ ಕಾಗುಣಿತ ನೋಡಿದಳು. ತಪ್ಪಿರಲಿಲ್ಲ.

ಸ್ಟೋರಿನ ಟರ್ನಿಪ್ಪನ್ನು ಅಜ್ಜಿ ಎರಡು ದಿನ ತಿಂದಳು. ಐದನೆಯ ಕಾಲಮ್ಮು ಏನೆಂದು ಮ್ಯಾನೇಜರರು ಕರೆಸಿ ಕೇಳಿದರು, ಅಪ್ಪ ಹೇಳಿದ, ಅವರು ಅದರ ಮೇಲೆ ಅಡ್ಡಗೆರೆ ಎಳೆದರು. ಹಿತ್ತಲಿನ ನಲವತ್ತೊಂದು ಗಿಡಗಳ ತುದಿಯನ್ನು ಅಜ್ಜಿ, ಈಗ ಲಾಯರಮ್ಮನ ಅನುಮತಿಯಿಂದ, ದಿನಾ ಚಿವುಟಿದಳು, ಅವು ದಿನಾ ಚಿಗುರಿದವು. ಮಗಳು ದಿನಕ್ಕೊಂದು ತಟ್ಟೆಯಂತೆ, ಮುಖ ಹಿಂಡಿಕೊಂಡು, ರಕ್ತ ಪರೀಕ್ಷೆಯ ತಾರೀಖಿನವರೆಗೆ ಮೂರು ವಾರ ತಿಂದಳು. ಸಂಖ್ಯೆ ಸ್ವಲ್ಪ ಏರಿದೆ, ಡ್ರಿಪ್ ಬೇಡ ಎಂದರು ಡಾಕ್ಟರು. ಅದಾದ ಮೇಲೂ ಗಿಡದಲ್ಲಿ ಚಿಗುರಿತ್ತು, ಅದನ್ನೂ ತಿಂದಳು. ಆರು ವರ್ಷದವಳಿದ್ದಾಗ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.